ಬಾಲ್ಟಿಕ್ ಕಡಲಿನ ಜಮಾಖರ್ಚು

ಸ್ಟಾಕ್‌ಹೋಮಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆ ಕೇಳಿದ: "ಮೇಷ್ಟ್ರೇ, ಇಲ್ಲಿಯವರೂ ಫಿನ್ಲೆಂಡಿನವರೂ ಸೇರಿ ರಷ್ಯಾದ ಒಂದು ಊರಿನ ಚರಂಡಿ ನೀರು ಶುದ್ಧ ಮಾಡುವುದಕ್ಕೆ ಹಣ ಕೊಟ್ಟಿದ್ದರಂತೆ. ಇದು ಔದಾರ್ಯವೋ, ವ್ಯವಹಾರವೋ?" ವ್ಯವಹಾರವೇ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಆದರೆ ಆ ಒಂದು ಮಾತಿನ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ. ಹಲವರು ಹಂಚಿಕೊಂಡ ಕಡಲನ್ನು ಶುದ್ಧವಾಗಿಟ್ಟುಕೊಂಡರೆ ಒಟ್ಟಾರೆ ಲಾಭವೇ ಎಂಬುದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ತೊಡಕು ಬರುವುದು ಹಂಚಿಕೆಯಲ್ಲಿ. ಖರ್ಚು ಒಬ್ಬನ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ, ಲಾಭ ಇನ್ನೊಬ್ಬನ ಅಂಗಳದಲ್ಲಿ ಇಳಿಯುತ್ತದೆ. ಎಷ್ಟೋ ಸಲ ಆ ಇನ್ನೊಬ್ಬ ಇನ್ನೂ ಹುಟ್ಟಿಯೇ ಇರುವುದಿಲ್ಲ. ಈ ತೊಡಕನ್ನು ಬಾಲ್ಟಿಕ್ ಕಡಲಿನ ಸುತ್ತಣ ದೇಶಗಳು ಹೇಗೆ ಬಿಡಿಸಿಕೊಳ್ಳಲೆತ್ನಿಸಿದವು ಎಂಬ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು, ತರಗತಿಯಲ್ಲಿ ಸಹಿಸಿಕೊಂಡವರು ಇಲ್ಲಿಯೂ ಸಹಿಸಿಕೊಳ್ಳುತ್ತೀರೆಂಬ ನಂಬಿಕೆ ನನಗಿದೆ.

ಭೂಪಟವನ್ನು ತೆಗೆದು ನೋಡಿ. ಯೂರೋಪಿನ ಉತ್ತರಕ್ಕೆ, ಸ್ವೀಡನ್, ಫಿನ್ಲೆಂಡ್, ರಷ್ಯಾ, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ, ಪೋಲೆಂಡ್, ಜರ್ಮನಿ, ಡೆನ್ಮಾರ್ಕ್ ಎಂಬ ಒಂಬತ್ತು ದೇಶಗಳ ನಡುವೆ ಸಿಕ್ಕಿಕೊಂಡಂತಿರುವ ಕಡಲು ಅದು. ವಿಸ್ತೀರ್ಣ ನಮ್ಮ ಕರ್ನಾಟಕದ ಸುಮಾರು ಎರಡರಷ್ಟು. ಸರಾಸರಿ ಆಳ ಕೇವಲ 55 ಮೀಟರಿನಷ್ಟು. ಕಡಲುಗಳ ಲೆಕ್ಕದಲ್ಲಿ ಇದು ತಟ್ಟೆಯಲ್ಲಿ ಹಾಕಿಟ್ಟ ನೀರು. ಹೊರಗಿನ ಮಹಾಸಾಗರದೊಡನೆ ಅದಕ್ಕಿರುವ ದಾರಿ ಡೆನ್ಮಾರ್ಕಿನ ಬಳಿಯ ಕಿರಿದಾದ ಜಲಸಂಧಿಗಳು ಮಾತ್ರ. ಆ ದಾರಿಯಲ್ಲಿಯೂ ನೆಲವು ಹೊಸ್ತಿಲಿನಂತೆ ಎದ್ದು ನಿಂತಿದೆ. ಒಂದು ಕಡೆ ನೀರಿನ ಆಳ 18 ಮೀಟರು, ಇನ್ನೊಂದು ಕಡೆ 8 ಮೀಟರು. ಒಳಗಿನ ನೀರು ಪೂರ್ತಿಯಾಗಿ ಬದಲಾಗಬೇಕಾದರೆ 25-30 ವರ್ಷಗಳೇ ಬೇಕು. ಇನ್ನು ಈ ಕಡಲಿಗೆ ನದಿಗಳ ಮೂಲಕ ನೀರು ಹರಿಸುವ ನೆಲವೋ, ಕಡಲಿನ ನಾಲ್ಕರಷ್ಟು ದೊಡ್ಡದು. ಹದಿನಾಲ್ಕು ದೇಶಗಳಿಗೆ ಸೇರಿದ ಆ ನೆಲದಲ್ಲಿ ಸುಮಾರು ಎಂಟೂವರೆ ಕೋಟಿ ಜನ ವಾಸಿಸುತ್ತಾರೆ. ಅವರ ಬಚ್ಚಲ ನೀರು, ಶೌಚದ ನೀರು, ಹೊಲಗಳಿಂದ ತೊಳೆದುಹೋದ ಗೊಬ್ಬರ ಎಲ್ಲವೂ ಕೊನೆಗೆ ಸೇರುವುದು ಈ ತಟ್ಟೆಯನ್ನೇ.

ಮಾಲಿನ್ಯವೆಂದೊಡನೆ ನಮಗೆ ವಿಷದ ನೆನಪಾಗುತ್ತದೆ. ಬಾಲ್ಟಿಕ್‌ಗೆ ಪಾದರಸ, ಡಿಡಿಟಿಯಂಥ ವಿಷಗಳೂ ಸೇರಿದ್ದುಂಟು, ಆದರೆ ಅದರ ದೊಡ್ಡ ರೋಗ ಅಜೀರ್ಣ. ಸಾರಜನಕ, ರಂಜಕ ಎಂಬ ಎರಡು ಪೋಷಕಾಂಶಗಳು ಗದ್ದೆಯಲ್ಲಿ ಪೈರನ್ನು ಬೆಳೆಸುವಂತೆಯೇ ನೀರಿನಲ್ಲಿ ಪಾಚಿಯನ್ನೂ ಬೆಳೆಸುತ್ತವೆ. ಊರಿನ ಕೆರೆಗೆ ಚರಂಡಿ ನೀರು ಸೇರತೊಡಗಿದ ಮೇಲೆ ಅಂತರಗಂಗೆ ಹೇಗೆ ಹಬ್ಬುತ್ತದೆಂಬುದನ್ನು ನೀವೆಲ್ಲ ಕಂಡವರೇ. ಕಡಲಿನಲ್ಲಿ ಆ ಕೆಲಸವನ್ನು ಸೂಕ್ಷ್ಮವಾದ ಪಾಚಿಗಳು ಮಾಡುತ್ತವೆ. ಮೊದಮೊದಲು ಇದರಿಂದ ಕೆಡುಕೇನೂ ಕಾಣಲಿಲ್ಲ. ಪಾಚಿ ಹೆಚ್ಚಿದರೆ ಅದನ್ನು ತಿನ್ನುವ ಜೀವಿಗಳು ಹೆಚ್ಚುತ್ತವೆ, ಅವುಗಳನ್ನು ತಿನ್ನುವ ಮೀನೂ ಹೆಚ್ಚುತ್ತದೆ. ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಬಾಲ್ಟಿಕ್ ಮೀನುಗಾರಿಕೆ ಬೆಳೆದುದರಲ್ಲಿ ಈ 'ಗೊಬ್ಬರ'ದ ಪಾಲೂ ಇತ್ತು. ಲಾಭದ ಪಟ್ಟಿಯಲ್ಲಿ ಇದನ್ನೂ ಬರೆಯುವುದೇ ನ್ಯಾಯ.

ಕೇಡು ಶುರುವಾದದ್ದು ತಳದಲ್ಲಿ. ಸತ್ತ ಪಾಚಿ ಕೆಳಗಿಳಿದು ಕೊಳೆಯುತ್ತದೆ. ಕೊಳೆಯಲು ಆಮ್ಲಜನಕ ಬೇಕು. ಬಾಲ್ಟಿಕ್‌ನಲ್ಲಿ ನದಿಗಳ ಹಗುರವಾದ ಸಿಹಿನೀರು ಮೇಲೆ, ಹೊರಗಿನಿಂದ ಬಂದ ಭಾರವಾದ ಉಪ್ಪುನೀರು ಕೆಳಗೆ, ಎರಡೂ ಬೆರೆಯದೆ ನಿಂತಿರುತ್ತವೆ. ಆದ್ದರಿಂದ ಮೇಲಿನ ಗಾಳಿ ತಳಕ್ಕೆ ಇಳಿಯುವುದಿಲ್ಲ. ಅಪರೂಪಕ್ಕೊಮ್ಮೆ, 1993ರಲ್ಲಿ, 2003ರಲ್ಲಿ, 2014ರ ಡಿಸೆಂಬರಿನಲ್ಲಿ ಆದಂತೆ, ಚಳಿಗಾಲದ ಬಿರುಗಾಳಿ ಹೊಸ ಉಪ್ಪುನೀರನ್ನು ಹೊಸ್ತಿಲು ದಾಟಿಸಿ ಒಳಕ್ಕೆ ನೂಕಿದಾಗ ಮಾತ್ರ ತಳಕ್ಕೆ ಹೊಸ ಉಸಿರು. ಅದು ತೀರಿದ ಮೇಲೆ ಮತ್ತೆ ಉಸಿರುಕಟ್ಟಿದ ಸ್ಥಿತಿ. ಕೊಳೆತ ಮೊಟ್ಟೆಯ ನಾತದ ಅನಿಲ ಮಾತ್ರ ಅಲ್ಲಿರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಆಮ್ಲಜನಕವಿರುವಾಗ ತಳದ ಕೆಸರು ರಂಜಕವನ್ನು ಕಬ್ಬಿಣದೊಡನೆ ಕಟ್ಟಿ ಹಿಡಿದಿಟ್ಟುಕೊಳ್ಳುತ್ತದೆ. ಆಮ್ಲಜನಕ ಹೋದೊಡನೆ ಬಿಟ್ಟುಕೊಡುತ್ತದೆ. ಹಾಗೆ ಬಿಡುಗಡೆಯಾದ ರಂಜಕ ಬೇಸಗೆಯಲ್ಲಿ ನೀಲಿ-ಹಸಿರು ಪಾಚಿಯನ್ನು ಬೆಳೆಸುತ್ತದೆ. ಆ ಪಾಚಿಗೆ ಸಾರಜನಕದ ಕೊರತೆಯೇ ಇಲ್ಲ, ನಮ್ಮ ದ್ವಿದಳ ಧಾನ್ಯದ ಬೇರಿನಲ್ಲಿರುವ ಜೀವಾಣುಗಳಂತೆ ಅದು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಅದು ಸತ್ತು ತಳಕ್ಕಿಳಿದರೆ ಆಮ್ಲಜನಕ ಇನ್ನಷ್ಟು ಖರ್ಚು. ಅಸಲನ್ನು ತೀರಿಸಿದರೂ ಬಡ್ಡಿ ಬೆಳೆಯುತ್ತಲೇ ಇರುವ ಸಾಲದಂತೆ ಇದು! ತಳದ ನೀರಿನ ಆಮ್ಲಜನಕ ದಶಕದಿಂದ ದಶಕಕ್ಕೆ ಇಳಿಯುತ್ತಿರುವುದನ್ನು ಸ್ವೀಡನ್ನಿನ ಸಾಗರಶಾಸ್ತ್ರಜ್ಞ ಸ್ಟಿಗ್ ಫೋನ್ಸೇಲಿಯಸ್ 1960ರ ದಶಕದಲ್ಲಿಯೇ ಅಂಕಿಗಳೊಡನೆ ತೋರಿಸಿದ್ದರು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆಮ್ಲಜನಕ ಸಾಲದ ತಳಪ್ರದೇಶ 115 ವರ್ಷಗಳಲ್ಲಿ ಸುಮಾರು 5,000 ಚದರ ಕಿಲೋಮೀಟರಿನಿಂದ 60,000ವನ್ನೂ ಮೀರಿ ಬೆಳೆದಿತ್ತು. ಇಡೀ ಕೇರಳ ರಾಜ್ಯದ ಒಂದೂವರೆ ಪಟ್ಟು ನೆಲ ಅದು.

ಇನ್ನು ಇತಿಹಾಸಕ್ಕೆ ಬರೋಣ. 1974ರ ಮಾರ್ಚ್ 22ರಂದು ಹೆಲ್ಸಿಂಕಿಯಲ್ಲಿ ಏಳು ದೇಶಗಳು ಬಾಲ್ಟಿಕ್ ಕಡಲನ್ನು ರಕ್ಷಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಕಾಲ ಯಾವುದೆಂಬುದನ್ನು ಗಮನಿಸಿ. ಶೀತಲ ಸಮರದ ನಡುಮಧ್ಯೆ, ಸೋವಿಯತ್ ಒಕ್ಕೂಟವೂ ಪೋಲೆಂಡೂ ಒಂದು ಬಣ, ಡೆನ್ಮಾರ್ಕು ಎದುರು ಬಣ, ಸ್ವೀಡನ್ನೂ ಫಿನ್ಲೆಂಡೂ ತಟಸ್ಥ. ಪೂರ್ವ ಜರ್ಮನಿ ಮತ್ತು ಪಶ್ಚಿಮ ಜರ್ಮನಿ ಎರಡೂ ಒಂದೇ ಮೇಜಿನ ಸುತ್ತ. ಕ್ಷಿಪಣಿಗಳ ವಿಷಯದಲ್ಲಿ ಒಮ್ಮತಕ್ಕೆ ಬಾರದವರು ಕಡಲಿನ ನೀರಿನ ವಿಷಯದಲ್ಲಿ ಒಮ್ಮತಕ್ಕೆ ಬಂದರೆಂಬುದು ಸಣ್ಣ ಮಾತಲ್ಲ. ಆದರೆ ಆ ಒಮ್ಮತಕ್ಕೆ ತೆತ್ತ ಬೆಲೆಯೂ ಇತ್ತು. ದೇಶದೊಳಗಿನ ನದಿಗಳು, ಕೊಲ್ಲಿಗಳು, ಬಂದರುಗಳು ಒಪ್ಪಂದದ ವ್ಯಾಪ್ತಿಯಿಂದ ಹೊರಗುಳಿದವು. ಕೊಳೆ ಹುಟ್ಟುವ ಜಾಗವನ್ನು ಬಿಟ್ಟು ಕೊಳೆ ಸೇರುವ ಜಾಗಕ್ಕಷ್ಟೇ ಒಪ್ಪಂದ! 1980ರಲ್ಲಿ ಅದು ಜಾರಿಗೆ ಬಂತು. 'ಹೆಲ್ಕಾಮ್' ಎಂದು ಕರೆಯುವ ಹೆಲ್ಸಿಂಕಿ ಆಯೋಗ ಹುಟ್ಟಿದ್ದು ಇದರಿಂದಲೇ. ಮೊದಲ ವರ್ಷಗಳಲ್ಲಿ ಆಯೋಗ ಮಾಡಿದ ದೊಡ್ಡ ಉಪಕಾರವೆಂದರೆ ಎಲ್ಲ ದೇಶಗಳ ವಿಜ್ಞಾನಿಗಳನ್ನೂ ಒಂದೇ ಅಳತೆಗೋಲು ಹಿಡಿಯುವಂತೆ ಮಾಡಿದ್ದು. ಅದು ನೀರಸ ಕೆಲಸವೆಂದು ತೋರಬಹುದು. ಆದರೆ ಅಳತೆಯಲ್ಲೇ ಒಪ್ಪದವರು ಖರ್ಚಿನಲ್ಲಿ ಒಪ್ಪುವುದುಂಟೇ?

ಜನಸಾಮಾನ್ಯರ ಕಣ್ಣು ತೆರೆಸಿದ್ದು ಅಂಕಿಗಳಲ್ಲ, ಸತ್ತ ನಳ್ಳಿಗಳು. 1986ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಗಿಲ್ಲೆಲೈಯೆ ಎಂಬ ಮೀನುಗಾರರ ಊರಿನವರು ಬಾಲ್ಟಿಕ್‌ನ ಹೊಸ್ತಿಲಿನಾಚೆಯ ಕಾಟೆಗಾಟ್ ಕಡಲಿನಿಂದ ಬಲೆ ಎಳೆದಾಗ ಅದರ ತುಂಬ ಉಸಿರುಕಟ್ಟಿ ಸತ್ತ ಲಾಬ್‌ಸ್ಟರುಗಳು ಬಂದವು. ದೂರದರ್ಶನದಲ್ಲಿ ಆ ದೃಶ್ಯ ಮನೆಮನೆಗೆ ತಲುಪಿತು. ಮರುವರ್ಷವೇ, ಅಂದರೆ 1987ರಲ್ಲಿ, ಡೆನ್ಮಾರ್ಕಿನ ಸಂಸತ್ತು ಜಲಪರಿಸರ ಯೋಜನೆಯೊಂದನ್ನು ಅಂಗೀಕರಿಸಿತು: ಸಾರಜನಕವನ್ನು ಶೇ. 50ರಷ್ಟು, ರಂಜಕವನ್ನು ಶೇ. 80ರಷ್ಟು ತಗ್ಗಿಸಬೇಕು. 1988ರಲ್ಲಿ ಬಾಲ್ಟಿಕ್ ದೇಶಗಳ ಸಚಿವರೆಲ್ಲ ಸೇರಿ, 1995ರೊಳಗೆ ಪ್ರತಿಯೊಂದು ದೇಶವೂ ಪೋಷಕಾಂಶಗಳನ್ನು ಅರ್ಧಕ್ಕೆ ಇಳಿಸಬೇಕೆಂದು ಘೋಷಿಸಿದರು. ಎಲ್ಲರಿಗೂ ಅರ್ಧ! ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. 1995 ಬಂದಾಗ ನೋಡಿದರೆ ರಂಜಕದಲ್ಲಿ ಕೆಲವು ದೇಶಗಳು ಮಾತು ಉಳಿಸಿಕೊಂಡಿದ್ದವು. ಸಾರಜನಕದಲ್ಲಿ, ಅದರಲ್ಲಿಯೂ ಹೊಲಗಳಿಂದ ಬರುವ ಸಾರಜನಕದಲ್ಲಿ, ಗುರಿ ದೂರವೇ ಉಳಿದಿತ್ತು.

ಈ 'ಎಲ್ಲರಿಗೂ ಅರ್ಧ' ಎಂಬ ನ್ಯಾಯದ ಬಗೆಗೇ ಅರ್ಥಶಾಸ್ತ್ರಜ್ಞರು ಪ್ರಶ್ನೆ ಎತ್ತಿದರು. ಸ್ವೀಡನ್ನಿನ ಇಂಗ್-ಮಾರಿ ಗ್ರೆನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಮಾಡಿದ ಲೆಕ್ಕಗಳು ಈ ವಿಷಯದಲ್ಲಿ ಪ್ರಸಿದ್ಧವಾದವು. ತತ್ತ್ವ ಸರಳ. ನಾನೇ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ, ಅಂಕಿಗಳು ನನ್ನವು, ಲೆಕ್ಕ ತಿಳಿಯಲೆಂದಷ್ಟೇ. ಒಂದು ಊರಿನಲ್ಲಿ ಒಳ್ಳೆಯ ಶುದ್ಧೀಕರಣ ಘಟಕ ಆಗಲೇ ಇದೆ. ನೂರು ಪಾಲು ರಂಜಕದಲ್ಲಿ ತೊಂಬತ್ತನ್ನು ಅದು ಹಿಡಿಯುತ್ತದೆ. ಎದುರು ದಡದ ಊರಿನಲ್ಲಿ ಘಟಕವೇ ಇಲ್ಲ, ನೂರಕ್ಕೆ ನೂರೂ ಕಡಲಿಗೆ. ಮೊದಲನೆಯ ಊರಿನಲ್ಲಿ ಇನ್ನು ಐದು ಪಾಲು ಹಿಡಿಯಲು ಹತ್ತು ಕೋಟಿ ಬೇಕು. ಎರಡನೆಯ ಊರಿನಲ್ಲಿ ಅದೇ ಹತ್ತು ಕೋಟಿಗೆ ಎಪ್ಪತ್ತು ಪಾಲು ಸಿಗುತ್ತದೆ. ಕಡಲಿಗೆ ಯಾವ ದಡದ ರಂಜಕ ನಿಂತಿತೆಂಬುದು ಮುಖ್ಯವಲ್ಲ, ಎಷ್ಟು ನಿಂತಿತೆಂಬುದು ಮುಖ್ಯ. ಹಾಗಿದ್ದ ಮೇಲೆ ಮೊದಲನೆಯ ಊರಿನವನು ತನ್ನ ಹತ್ತು ಕೋಟಿಯನ್ನು ಎಲ್ಲಿ ಖರ್ಚು ಮಾಡಬೇಕು? ಐದನೆಯ ತರಗತಿಯ ಹುಡುಗನೂ ಉತ್ತರಿಸುತ್ತಾನೆ. ಆದರೆ ಸಂಸತ್ತಿನಲ್ಲಿ ಕುಳಿತವರಿಗೆ ಆ ಉತ್ತರ ಹೇಳುವುದು ಕಷ್ಟ. ತೆರಿಗೆ ಕೊಟ್ಟವರು ಎದುರು ದಡದಲ್ಲಿ ಮತ ಹಾಕುವುದಿಲ್ಲವಲ್ಲ!

1989ರ ಬಳಿಕ ಪೂರ್ವ ಯೂರೋಪಿನ ಪರದೆ ಸರಿದಾಗ ಎದುರು ದಡದ ನಿಜಸ್ಥಿತಿ ಎಲ್ಲರಿಗೂ ಕಂಡಿತು. 1992ರಲ್ಲಿ ಹೊಸ ಹೆಲ್ಸಿಂಕಿ ಒಪ್ಪಂದ ಸಿದ್ಧವಾಯಿತು. ಒಳನಾಡಿನ ನೀರೂ ಈಗ ಅದರೊಳಗೆ ಬಂತು. ಅದೇ ವರ್ಷ ಕೊಳೆ ಹೆಚ್ಚಾಗಿ ಹುಟ್ಟುವ 132 ಸ್ಥಳಗಳನ್ನು ಪಟ್ಟಿ ಮಾಡಿ, ಅವುಗಳನ್ನೆಲ್ಲ ಸರಿಪಡಿಸಲು ಇಪ್ಪತ್ತು ವರ್ಷಗಳಲ್ಲಿ 1,800 ಕೋಟಿ ಎಕ್ಯೂ ಬೇಕೆಂದು ಅಂದಾಜು ಮಾಡಿದರು. (ಎಕ್ಯೂ ಎಂಬುದು ಯೂರೋ ಬರುವ ಮುನ್ನ ಲೆಕ್ಕಕ್ಕೆ ಬಳಸುತ್ತಿದ್ದ ಹಣದ ಮಾನ.) ಪಟ್ಟಿಯ ಬಹುಪಾಲು ಹಳೆಯ ಪೂರ್ವ ಬಣದ ದೇಶಗಳಲ್ಲಿತ್ತು.

ಈಗ ನನ್ನ ಶಿಷ್ಯ ಕೇಳಿದ ಊರಿಗೆ ಬರುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್ ನಗರವನ್ನು ಪೀಟರ್ ದೊರೆ ಸ್ಥಾಪಿಸಿದ್ದು 1703ರಲ್ಲಿ. ಅರಮನೆಗಳೂ ಕಾಲುವೆಗಳೂ ಸೇತುವೆಗಳೂ ಬಂದವು, ಕ್ರಾಂತಿ ಬಂತು, ಹೆಸರು ಲೆನಿನ್‌ಗ್ರಾಡ್ ಆಯಿತು. ಆದರೆ 1978ರವರೆಗೆ, ಅಂದರೆ 275 ವರ್ಷ, ಆ ಮಹಾನಗರದ ಶೌಚದ ನೀರು ಯಾವ ದೊಡ್ಡ ಶುದ್ಧೀಕರಣವೂ ಇಲ್ಲದೆ ನೇವಾ ನದಿಗೆ, ಅಲ್ಲಿಂದ ಫಿನ್ಲೆಂಡ್ ಕೊಲ್ಲಿಗೆ ಹರಿಯುತ್ತಿತ್ತು. ಆ ವರ್ಷ ಮೊದಲ ದೊಡ್ಡ ಘಟಕ ತೆರೆಯಿತು. ನಗರದ ನೈಋತ್ಯ ಭಾಗಕ್ಕೆಂದು ಇನ್ನೊಂದು ಘಟಕದ ಕೆಲಸ 1980ರ ದಶಕದಲ್ಲಿ ಆರಂಭವಾಗಿ, ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣವಿಲ್ಲದೆ ಅರ್ಧಕ್ಕೇ ನಿಂತಿತು. ಅರ್ಧ ಕಟ್ಟಿದ ಕಾಂಕ್ರೀಟು ತೊಟ್ಟಿಗಳು ಹಾಗೆಯೇ ಬಿದ್ದಿದ್ದವು. ಕೊಲ್ಲಿಯ ಆಚೆ ದಡದಲ್ಲಿ ಫಿನ್ಲೆಂಡಿನ ಜನ ಬೇಸಗೆ ಬಂದೊಡನೆ ತಮ್ಮ ತೀರದ ನೀರು ಹಸಿರು ಗಂಜಿಯಂತಾಗುವುದನ್ನು ನೋಡುತ್ತಿದ್ದರು.

ಕೊನೆಗೆ ಉತ್ತರ ಯೂರೋಪಿನ ಬ್ಯಾಂಕುಗಳು ಸಾಲ ಕೊಟ್ಟವು, ಫಿನ್ಲೆಂಡ್, ಸ್ವೀಡನ್ ಮತ್ತು ಯೂರೋಪಿಯನ್ ಒಕ್ಕೂಟ ಅನುದಾನ ಕೊಟ್ಟವು. 2005ರ ಸೆಪ್ಟೆಂಬರಿನಲ್ಲಿ ಆ ಘಟಕ ತೆರೆಯಿತು. ಸುಮಾರು ಏಳು ಲಕ್ಷ ಜನರ ಕೊಳಚೆ ಅಲ್ಲಿ ಶುದ್ಧವಾಗತೊಡಗಿತು. ಉದ್ಘಾಟನೆಗೆ ರಷ್ಯಾದ ಅಧ್ಯಕ್ಷ ಪುಟಿನ್, ಫಿನ್ಲೆಂಡಿನ ಅಧ್ಯಕ್ಷೆ ತಾರ್ಯ ಹಾಲೊನೆನ್, ಸ್ವೀಡನ್ನಿನ ಪ್ರಧಾನಿ ಯೋರಾನ್ ಪೆರ್ಶೋನ್ ಮೂವರೂ ಬಂದಿದ್ದರು. ಚರಂಡಿ ನೀರಿನ ಘಟಕವೊಂದಕ್ಕೆ ಮೂರು ದೇಶಗಳ ಮುಖಂಡರು ಒಟ್ಟಿಗೆ ಬಂದ ಪ್ರಸಂಗ ಜಗತ್ತಿನಲ್ಲಿ ಇನ್ನೆಷ್ಟಿವೆಯೋ! ಇದರ ಜೊತೆಗೆ ಫಿನ್ಲೆಂಡಿನ ಜಾನ್ ನೂರ್ಮಿನೆನ್ ಪ್ರತಿಷ್ಠಾನ ಎಂಬ ಖಾಸಗಿ ಸಂಸ್ಥೆ ಇನ್ನೊಂದು ಜಾಣತನದ ಕೆಲಸ ಮಾಡಿತು. ಹೊಸ ಘಟಕಗಳನ್ನು ಕಟ್ಟುವ ಗೊಡವೆಗೆ ಹೋಗದೆ, ಇದ್ದ ಘಟಕಗಳಲ್ಲೇ ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ಗಸಿಯಾಗಿ ಕೆಳಗಿಳಿಸುವ ಏರ್ಪಾಟಿಗೆ ದಾನಿಗಳ ಹಣ ಕೂಡಿಸಿಕೊಟ್ಟಿತು. 2011ರ ವೇಳೆಗೆ ನಗರದ ದೊಡ್ಡ ಘಟಕಗಳಲ್ಲೆಲ್ಲ ಈ ಏರ್ಪಾಟು ಬಂತು. 2013ರಲ್ಲಿ ಉತ್ತರ ಭಾಗದ ಸುರಂಗ ಚರಂಡಿ ಮುಗಿದಾಗ ನಗರದ ಕೊಳಚೆಯಲ್ಲಿ ಶೇ. 98ಕ್ಕೂ ಹೆಚ್ಚು ಶುದ್ಧೀಕರಣಕ್ಕೆ ಒಳಪಟ್ಟಿತ್ತು. ಈ ನಡುವೆ ಲುಗಾ ನದಿಯ ಬಳಿ ರಸಗೊಬ್ಬರ ಕಾರ್ಖಾನೆಯೊಂದರ ತ್ಯಾಜ್ಯದ ರಾಶಿಯಿಂದ ರಂಜಕ ಸೋರುತ್ತಿರುವುದು ನೀರಿನ ಮಾದರಿಗಳಿಂದ ಪತ್ತೆಯಾಗಿ 2012ರಲ್ಲಿ ಅದನ್ನೂ ತಡೆದರು. ಫಿನ್ಲೆಂಡ್ ಕೊಲ್ಲಿಗೆ ಸೇರುವ ರಂಜಕ ಗಣನೀಯವಾಗಿ ಇಳಿಯಿತು.

ಇದರ ಪಕ್ಕದಲ್ಲಿ ಫಿನ್ಲೆಂಡಿನೊಳಗಿನ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. 2003ರಲ್ಲಿ ಅಲ್ಲಿಯ ಸರ್ಕಾರ, ಒಳಚರಂಡಿಯಿಲ್ಲದ ಹಳ್ಳಿಗಾಡಿನ ಮನೆಗಳೂ ತಮ್ಮ ಬಚ್ಚಲ ನೀರನ್ನು ಶುದ್ಧಗೊಳಿಸಿಯೇ ಬಿಡಬೇಕೆಂದು ಕಟ್ಟಳೆ ಮಾಡಿತು. ಒಂದೊಂದು ಮನೆಗೂ ಸಾವಿರಾರು ಯೂರೋ ಖರ್ಚು. ಹಳ್ಳಿಯಲ್ಲಿ ಒಂಟಿಯಾಗಿರುವ ವೃದ್ಧರಿಗೂ ಅದೇ ಕಟ್ಟಳೆ. ಗಲಾಟೆಯಾಯಿತು; 2011ರಲ್ಲಿಯೂ 2017ರಲ್ಲಿಯೂ ನಿಯಮ ಸಡಿಲವಾಯಿತು. ಒಂದು ಕಿಲೋ ರಂಜಕವನ್ನು ತಡೆಯಲು ಹಳ್ಳಿಯ ಮುದುಕಿ ತೆರಬೇಕಾಗಿದ್ದ ಬೆಲೆಗೂ, ನೇವಾ ನದಿಯ ಬಾಯಿಯಲ್ಲಿ ತೆರಬೇಕಾದ ಬೆಲೆಗೂ ಅಜಗಜಾಂತರ. ಆದರೂ ಸರ್ಕಾರಕ್ಕೆ ಸ್ವಂತ ದೇಶದ ಮುದುಕಿಯ ಮೇಲೆ ಅಧಿಕಾರವಿದೆ, ನೇವಾ ನದಿಯ ಮೇಲಿಲ್ಲ. ಅಧಿಕಾರವಿದ್ದಲ್ಲಿ ಕಟ್ಟಳೆ ಮಾಡುವುದು, ಅಗ್ಗವಾಗಿರುವಲ್ಲಿ ಹಣ ಕೊಡುವುದು, ಇವೆರಡೂ ಬೇರೆ ಬೇರೆ ಬುದ್ಧಿಗಳು. ನನ್ನ ಮಟ್ಟಿಗೆ ಎರಡನೆಯದೇ ವಿವೇಕ.

ಖರ್ಚಿನ ಮಾತಾಯಿತು. ಜಮೆಯ ಪುಟವನ್ನು ಹೇಗೆ ಬರೆಯುವುದು? ಮೀನಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ತಿಳಿಯಾದ ನೀರಿಗೆ, ಮಕ್ಕಳು ಭಯವಿಲ್ಲದೆ ಈಜುವ ದಡಕ್ಕೆ, ಕಾಣದ ತಳದಲ್ಲಿ ಬದುಕಿರುವ ಜೀವಿಗೆ ಬೆಲೆ ಹಚ್ಚುವವರು ಯಾರು? ಅರ್ಥಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಜನರನ್ನೇ ಕೇಳುವುದು: 'ಈ ಕಡಲು ಇಂಥ ಸ್ಥಿತಿಯಿಂದ ಇಂಥ ಸ್ಥಿತಿಗೆ ಬರುವುದಾದರೆ ವರ್ಷಕ್ಕೆ ಎಷ್ಟು ತೆರಲು ಸಿದ್ಧರಿದ್ದೀರಿ?' 2011ರಲ್ಲಿ ಒಂಬತ್ತು ದೇಶಗಳಲ್ಲಿಯೂ ಒಂದೇ ಪ್ರಶ್ನಾವಳಿಯನ್ನು ಹಿಡಿದು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ಉತ್ತರಗಳನ್ನು ಜನಸಂಖ್ಯೆಗೆ ಗುಣಿಸಿ ಕೂಡಿಸಿದಾಗ ವರ್ಷಕ್ಕೆ ಸುಮಾರು 380 ಕೋಟಿ ಯೂರೋ ಎಂಬ ಮೊತ್ತ ಬಂತು. ಕೆಲಸವನ್ನು ಎಲ್ಲಿ ಅಗ್ಗವೋ ಅಲ್ಲಿ ಮಾಡಿದರೆ ವರ್ಷದ ಖರ್ಚು ಸುಮಾರು 230 ಕೋಟಿ. ದೇಶದೇಶಕ್ಕೆ ನಿಗದಿಯಾದ ಪಾಲಿನಂತೆ ಮಾಡಿದರೆ 280 ಕೋಟಿ. 'ಬಾಲ್ಟಿಕ್‌ಸ್ಟರ್ನ್' ಎಂಬ ಸಂಶೋಧನಾ ಜಾಲ 2013ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿತು. ಹೇಗೆ ಕಳೆದರೂ ವರ್ಷಕ್ಕೆ ನೂರರಿಂದ ನೂರೈವತ್ತು ಕೋಟಿ ಯೂರೋ ಉಳಿತಾಯ. ಒಟ್ಟಾರೆ ಲಾಭವೆಂದು ಮೊದಲಿಗೇ ನಾನು ಹೇಳಿದ್ದಕ್ಕೆ ಆಧಾರ ಇದೇ.

ಈ ಲೆಕ್ಕವನ್ನು ನಾನು ಗೌರವಿಸುತ್ತೇನೆ, ಪೂಜಿಸುವುದಿಲ್ಲ. ಒಟ್ಟು ಮೊತ್ತವನ್ನು ಬಿಚ್ಚಿ ನೋಡಿದರೆ ಸ್ವೀಡನ್ನಿನವರು ಸರಾಸರಿ ತಲೆಗೆ ನೂರು ಯೂರೋಗೂ ಹೆಚ್ಚು ಹೇಳಿದ್ದರು. ಲಾಟ್ವಿಯದವರು ಹತ್ತಕ್ಕೂ ಕಡಿಮೆ. ಲಾಟ್ವಿಯದ ಬೆಸ್ತನಿಗೆ ಕಡಲ ಮೇಲೆ ಪ್ರೀತಿ ಕಡಿಮೆಯೆಂದು ಇದರ ಅರ್ಥವೇ? ಅವನ ಜೇಬಿನಲ್ಲಿ ಹಣ ಕಡಿಮೆ, ಅಷ್ಟೆ. ಹಣದಲ್ಲಿ ಆಸೆಯನ್ನು ಅಳೆದರೆ ಉಳ್ಳವನ ಆಸೆ ಹೆಚ್ಚು ತೂಗುತ್ತದೆ. ಅಲ್ಲದೆ ಪ್ರಶ್ನಾವಳಿಗೆ ಹೇಳಿದ ಮಾತು ಬೇರೆ, ತೆರಿಗೆಯ ಚೀಟಿ ಬಂದಾಗ ಹೊರಡುವ ಮಾತು ಬೇರೆ. ಇಷ್ಟಾದರೂ ಆ ಅಂಕಿ ಒಂದು ಕೆಲಸ ಮಾಡಿತು. 'ಕಡಲು ಶುದ್ಧ ಮಾಡುವುದು ಶ್ರೀಮಂತರ ಶೋಕಿ' ಎನ್ನುತ್ತಿದ್ದವರು ತಮ್ಮ ಮಾತಿಗೂ ಒಂದು ಅಂಕಿ ಕೊಡಬೇಕಾಯಿತು.

ಒಟ್ಟು ಲಾಭದ ಲೆಕ್ಕ ಹಂಚಿಕೆಯ ಜಗಳವನ್ನು ಮಾತ್ರ ನಿಲ್ಲಿಸಲಿಲ್ಲ. 2007ರ ನವೆಂಬರ್ 15ರಂದು ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಒಂಬತ್ತು ದೇಶಗಳೂ ಯೂರೋಪಿಯನ್ ಒಕ್ಕೂಟವೂ 'ಬಾಲ್ಟಿಕ್ ಕಡಲಿನ ಕ್ರಿಯಾಯೋಜನೆ'ಗೆ ಒಪ್ಪಿದವು. 'ಎಲ್ಲರಿಗೂ ಅರ್ಧ' ಎಂಬುದನ್ನು ಕೈಬಿಟ್ಟು, ಕಡಲಿನ ಒಂದೊಂದು ಭಾಗ ಎಷ್ಟು ತಾಳಿಕೊಂಡೀತೆಂಬುದನ್ನು ಮೊದಲು ಲೆಕ್ಕ ಹಾಕಿ, ಅದರಿಂದ ಪ್ರತಿ ದೇಶದ ಪಾಲನ್ನು ತೆಗೆದರು. ವರ್ಷಕ್ಕೆ ಒಟ್ಟು 15,250 ಟನ್ ರಂಜಕ, 1,35,000 ಟನ್ ಸಾರಜನಕ ಕಡಿಮೆಯಾಗಬೇಕು. 2021ರೊಳಗೆ ಕಡಲು ಆರೋಗ್ಯಕ್ಕೆ ಮರಳಬೇಕು. ಇದರಲ್ಲಿ ಪೋಲೆಂಡೊಂದರ ಪಾಲಿಗೇ 8,760 ಟನ್ ರಂಜಕ ಬಿತ್ತು, ಅರ್ಧಕ್ಕಿಂತ ಹೆಚ್ಚು! ಪೋಲೆಂಡಿನವರು ತಕರಾರು ತೆಗೆದದ್ದು ಸಹಜ. ಬಾಲ್ಟಿಕ್ ಜಲಾನಯನದ ಜನರಲ್ಲಿ ಸುಮಾರು ಮುಕ್ಕಾಲು ಕೋಟಿ ಕಡಿಮೆ ನಾಲ್ಕೂವರೆ ಕೋಟಿ, ಎಂದರೆ 3.8 ಕೋಟಿಯಷ್ಟು, ಅವರ ದೇಶದವರೇ. ತಲೆಗೆ ಹಂಚಿ ನೋಡಿದರೆ ಅವರ ಕೊಳೆ ಡೆನ್ಮಾರ್ಕಿನವನ ಕೊಳೆಗಿಂತ ಹೆಚ್ಚೇನಲ್ಲ. ಐವತ್ತು ವರ್ಷ ಗೊಬ್ಬರ ಸುರಿದು ಶ್ರೀಮಂತರಾದವರು ಈಗ ನಮಗೆ ಮಿತವ್ಯಯ ಬೋಧಿಸುತ್ತಿದ್ದಾರೆ ಎಂಬುದು ಅವರ ವಾದದ ತಿರುಳು. ಎದುರು ವಾದವೂ ಇತ್ತು: ರಾಜಧಾನಿ ವಾರ್ಸಾದ ಅರ್ಧದಷ್ಟು ಕೊಳಚೆ 2012ರವರೆಗೆ ಹಾಗೆಯೇ ವಿಸ್ಟುಲಾ ನದಿಗೆ ಹೋಗುತ್ತಿತ್ತು. ಆ ವರ್ಷ ಯೂರೋಪಿಯನ್ ಒಕ್ಕೂಟದ ನೆರವಿನಿಂದ ಚೈಕಾ ಘಟಕ ವಿಸ್ತಾರಗೊಂಡ ಮೇಲೆ ಅದು ನಿಂತಿತು. 2019ರ ಆಗಸ್ಟಿನಲ್ಲಿ ನದಿಯ ಕೆಳಗಿನ ಕೊಳವೆ ಒಡೆದು ಮತ್ತೆ ನದಿಗೆ ಹರಿಯಿತು. ಸರಿಪಡಿಸಿದ ಮೇಲೆ 2020ರ ಆಗಸ್ಟಿನಲ್ಲಿ ಮತ್ತೊಮ್ಮೆ ಒಡೆಯಿತು. ದೇಶವಾರು ಪಾಲುಗಳನ್ನು 2013ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪರಿಷ್ಕರಿಸಿದರು.

ಚರಂಡಿಯ ಕೆಲಸ ಒಂದು ಬಗೆಯಲ್ಲಿ ಸುಲಭ. ಕೊಳವೆಯ ಬಾಯಿ ಎಲ್ಲಿದೆಯೆಂದು ಗೊತ್ತು, ಅಲ್ಲಿ ಘಟಕ ಕಟ್ಟಬಹುದು, ಕಟ್ಟಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ಹೊಲಕ್ಕೆ ಬಾಯಿಯೆಲ್ಲಿ? ಸಾವಿರಾರು ಹೊಲಗಳಿಂದ ಮಳೆಯೊಡನೆ ಸ್ವಲ್ಪ ಸ್ವಲ್ಪವೇ ಸಾರಜನಕ ಇಳಿಯುತ್ತದೆ. ಅದನ್ನು ತಡೆಯಬೇಕಾದರೆ ರೈತ ಗೊಬ್ಬರ ಕಡಿಮೆ ಹಾಕಬೇಕು, ಹಂದಿ-ದನಗಳ ಸಂಖ್ಯೆ ಇಳಿಸಬೇಕು, ಚಳಿಗಾಲದಲ್ಲೂ ನೆಲವನ್ನು ಹಸಿರಾಗಿಡಬೇಕು, ಹೊಳೆಯ ಅಂಚಿನ ನೆಲವನ್ನು ಬೀಳು ಬಿಡಬೇಕು. ನಗರದವನು ನೀರಿನ ತೆರಿಗೆಯಲ್ಲಿ ಒಂದಿಷ್ಟು ಹೆಚ್ಚು ಕೊಟ್ಟು ಮರೆಯುತ್ತಾನೆ. ರೈತ ಪ್ರತಿವರ್ಷ ಇಳುವರಿಯಲ್ಲಿ ಕೊಡಬೇಕು. ಒಂದು ದೇಶದೊಳಗೇ ಖರ್ಚು ಹೀಗೆ ಕೆಲವರ ಮೇಲೆ ಭಾರವಾಗಿ ಕೂರುತ್ತದೆ ಎಂಬುದನ್ನು ಒಟ್ಟು ಮೊತ್ತದ ಲೆಕ್ಕ ತೋರಿಸುವುದಿಲ್ಲ.

ಕಾಲದ ಲೆಕ್ಕ ಇನ್ನೂ ನಿಷ್ಠುರ. 1980ರ ದಶಕದಲ್ಲಿ ತುತ್ತತುದಿ ಮುಟ್ಟಿದ್ದ ರಂಜಕದ ಹರಿವು ಈಗ ಸುಮಾರು ಅರ್ಧಕ್ಕೆ ಇಳಿದಿದೆ. ಸ್ಟಾಕ್‌ಹೋಮಿನ ಒಳ ದ್ವೀಪಗಳ ನಡುವೆ ನೀರು ತಿಳಿಯಾಗಿದೆ; ನಗರದ ನಡುವೆಯೇ ಜನ ಈಜುತ್ತಾರೆ. ಆದರೆ ನಡುಗಡಲಿನ ತಳದಲ್ಲಿ ಹಿಂದಿನ ದಶಕಗಳ ರಂಜಕ ಕುಳಿತಿದೆ. ಹೆಲ್ಕಾಮ್ 2011ರಿಂದ 2016ರವರೆಗಿನ ಸ್ಥಿತಿಯನ್ನು ಅಳೆದಾಗ ಕಡಲಿನ ಶೇ. 97 ಭಾಗ ಇನ್ನೂ ಅತಿಪೋಷಣೆಯ ಬಾಧೆಯಲ್ಲಿತ್ತು. ಪೂರ್ವ ಬಾಲ್ಟಿಕ್‌ನ ಕಾಡ್ ಮೀನಿನ ಮೊಟ್ಟೆಗಳು ತೇಲಿಕೊಂಡಿರಲು ಆಳದ ಉಪ್ಪುನೀರು ಬೇಕು, ಬದುಕಲು ಅಲ್ಲಿ ಆಮ್ಲಜನಕವೂ ಬೇಕು. ಮಿತಿಮೀರಿದ ಮೀನುಗಾರಿಕೆಯೂ ಸೇರಿ ಆ ಮೀನು ಎಷ್ಟು ಕ್ಷೀಣಿಸಿತೆಂದರೆ 2019ರ ಜುಲೈಯಲ್ಲಿ ಯೂರೋಪಿಯನ್ ಒಕ್ಕೂಟ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಬೆಸ್ತರಿಗೆ ಇದನ್ನು ಹೇಗೆ ಹೇಳುವುದು? ಮೂವತ್ತು ವರ್ಷ ಎಲ್ಲರೂ ಹಣ ತೆತ್ತ ಮೇಲೆ ಬಲೆಗೆ ಬಂದದ್ದು ನಿಷೇಧ. 2021ರ ಗಡುವು ತಪ್ಪಿತು. ಆ ವರ್ಷದ ಅಕ್ಟೋಬರಿನಲ್ಲಿ ಲ್ಯೂಬೆಕ್ ನಗರದಲ್ಲಿ ಯೋಜನೆಯನ್ನು ಹೊಸದಾಗಿ ಬರೆದು 2030ಕ್ಕೆ ಮುಂದೂಡಿದರು. ಅದಾಗಿ ಐದೇ ತಿಂಗಳಿಗೆ, ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋದ ಮೇಲೆ, ಉಳಿದ ಸದಸ್ಯರು ರಷ್ಯಾ ಕೂಡಿದ ಸಭೆಗಳನ್ನು ಸ್ಥಗಿತಗೊಳಿಸಿದರು. ಶೀತಲ ಸಮರವನ್ನು ದಾಟಿ ಬಂದ ಮೇಜು ಅದು.

ಸತ್ತ ಲಾಬ್‌ಸ್ಟರುಗಳ ಡೆನ್ಮಾರ್ಕು ಏನಾಯಿತೆಂದು ನೀವು ಕೇಳಬಹುದು. ಚರಂಡಿಯ ರಂಜಕವನ್ನು ಆ ದೇಶ ಬಹುಬೇಗ ಗೆದ್ದಿತು. ಹೊಲದ ಸಾರಜನಕವನ್ನೂ ಒಂದರ ಮೇಲೊಂದು ಯೋಜನೆ ತಂದು ಬಹಳಷ್ಟು ಇಳಿಸಿತು, ಆದರೆ ಕೊಲ್ಲಿಗಳ ತಳಕ್ಕೆ ಅದು ಸಾಲಲಿಲ್ಲ. 2024ರ ಏಪ್ರಿಲಿನಲ್ಲಿ ವೈಲೆ ಎಂಬ ಕೊಲ್ಲಿಗೆ ಪರಿಸರ ಸಂಘಟನೆಗಳು ಸಾಂಕೇತಿಕವಾಗಿ ಅಂತ್ಯಸಂಸ್ಕಾರವನ್ನೇ ನಡೆಸಿದವು. ಅದೇ ವರ್ಷದ ನವೆಂಬರಿನಲ್ಲಿ ಸಂಸತ್ತಿನ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು: ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕೃಷಿಭೂಮಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಕಾಡಾಗಿಯೂ ಹುಲ್ಲುಗಾವಲು-ಜೌಗುಗಳಾಗಿಯೂ ಮಾರ್ಪಡಿಸುವುದು, ಗೊಬ್ಬರದ ಬಳಕೆಯನ್ನು ಆ ಮೂಲಕ ತಗ್ಗಿಸುವುದು. ರೈತರಿಂದ ನೆಲ ಕೊಳ್ಳಲು 4,300 ಕೋಟಿ ಕ್ರೋನರ್ ತೆಗೆದಿಟ್ಟಿದ್ದಾರೆ. ಕಟ್ಟಳೆಯಿಂದ ಮೂವತ್ತೇಳು ವರ್ಷ ಆಗದ ಕೆಲಸಕ್ಕೆ ಈಗ ಕ್ರಯ ಕಟ್ಟಿ ಕೊಳ್ಳುತ್ತಿದ್ದಾರೆ.